ಗದ್ದದ ಕೆಳಗಿನ ಮಚ್ಚೆ

“ಇದು ನನ್ನ ಅಜ್ಜಿ ಕಣೇ,” ಎಂದು ಅಕ್ಕ ಹುಬ್ಬು ಗಂಟಿಕ್ಕಿದಳು. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದು ಹೆಸರಾದವಳು ಅವಳು. ಅವಳ ಮುಂದಿದ್ದದ್ದು ತಂಗಿ ತನ್ನ ಮೊದಲ ಪುಸ್ತಕದ ಮುಖಪುಟಕ್ಕೆಂದು ಪೆನ್ಸಿಲಿನಲ್ಲಿ ಬರೆದಿದ್ದ ಅಜ್ಜಿಯ ಚಿತ್ರ.

“ನಂಗೂ ಅವಳೇ ಅಜ್ಜಿ ಅಲ್ವಾ ಅಕ್ಕ? ಇಬ್ರ ಚಿತ್ರದಲ್ಲೂ ಅದೇ ಮೂಗು ಬರದೇ ಇರುತ್ತಾ?” ತಂಗಿ ನಕ್ಕಳು.

“ಮೂಗು ಸರಿ. ಈ ದಾರ ಕಟ್ಟಿದ ಕನ್ನಡಕ? ಅಜ್ಜಿ ಕನ್ನಡಕ ಹಾಕಿದವಳೇ ಅಲ್ಲ. ಅದು ನನ್ನ ತಲೇಲಿ ಹುಟ್ಟಿದ್ದು.”

ತಂಗಿಯ ನಗು ಅಲ್ಲೇ ನಿಂತಿತು. ಅಕ್ಕನ ಚಿತ್ರಗಳನ್ನು ನೋಡಿ ನೋಡಿ, ಅಜ್ಜಿ ಹಾಗೆಯೇ ಇದ್ದಳೆಂದು ಅವಳು ನಂಬಿಬಿಟ್ಟಿದ್ದಳು. ರಬ್ಬರ್ ತೆಗೆದುಕೊಂಡು ಕನ್ನಡಕ ಅಳಿಸಿದಳು. ಉಳಿದ ಮುಖ ಯಾರದೋ ಅನ್ನಿಸಿ ಕಣ್ಣು ತುಂಬಿತು. “ಹಾಗಾದ್ರೆ ನಂದು ಅಂತ ಒಂದು ನೆನಪೂ ಇಲ್ವಾ?”

ಅಕ್ಕನ ಸಿಟ್ಟು ಇಳಿದುಹೋಯಿತು. “ಅವಳ ತೊಡೆ ಮೇಲೆ ಮಲಗ್ತಿದ್ದವಳು ನೀನು. ಅಲ್ಲಿಂದ ಏನು ಕಾಣ್ತಿತ್ತು, ಹೇಳು.”

ತಂಗಿ ಕಣ್ಣು ಮುಚ್ಚಿದಳು. “ಗದ್ದದ ಕೆಳಗೆ ಒಂದು ಮಚ್ಚೆ. ಕಥೆ ಹೇಳುವಾಗ ಕುಣೀತಿತ್ತು.”

ಅಕ್ಕ ಪೆನ್ಸಿಲ್ ಚೂಪು ಮಾಡಿ ಅವಳ ಕೈಗಿಟ್ಟಳು. “ಅದನ್ನ ನಾನು ನೋಡೇ ಇಲ್ವಲ್ಲೇ. ಬರಿ, ನೋಡ್ತೀನಿ.”