ಶೆಡ್ಡಿಗೆ ಹಗ್ಗ

ಎಂಜಿನಿಯರ್ ಹತ್ತಿರ ಹಗ್ಗವಿರಲಿಲ್ಲ. ಸಂಜೆಯೊಳಗೆ ಚಂಡಮಾರುತ ದಡ ಮುಟ್ಟುವುದರಲ್ಲಿತ್ತು. ಉಡಾವಣೆಗೆ ನಿಲ್ಲಿಸಿದ್ದ ರಾಕೆಟ್ಟನ್ನು ಕೆಳಗಿಳಿಸಲು ಹೊತ್ತು ಸಾಲದು. ಅದನ್ನು ಮುಚ್ಚಿದ್ದ ಗಾಲಿಯ ಶೆಡ್ಡನ್ನು ನೆಲಕ್ಕೆ ಬಿಗಿಯದಿದ್ದರೆ, ಗಾಳಿ ಶೆಡ್ಡನ್ನೇ ತಳ್ಳಿ ರಾಕೆಟ್ಟಿಗೆ ಬಡಿಸುತ್ತಿತ್ತು.

“ಹಗ್ಗ ನಾನು ತರ್ತೇನೆ ಸಾರ್,” ಎಂದ ಗುತ್ತಿಗೆ ಕೆಲಸದ ವಾಮನ. “ನನ್ನ ಕೆಲಸ ಖಾಯಂ ಮಾಡಿಸ್ತೀರಾ?”

“ರಾಕೆಟ್ ಉಳಿದರೆ ನಾಳೆಯೇ ಬರೆದು ಕಳಿಸ್ತೇನೆ. ಎಲ್ಲಿಂದ ತರ್ತೀಯ?”

“ಊರಿಂದ. ಅದೆಲ್ಲ ಈಗ ಯಾಕೆ ಮಾರಾಯ್ರೆ?”

ಎಂಜಿನಿಯರ್ ಮತ್ತೆ ಕೇಳಲಿಲ್ಲ. ವಾಮನ ಜೀಪು ತುಂಬ ದಪ್ಪ ಹಗ್ಗ ತಂದು ಸುರಿದ. ಎಲ್ಲವೂ ಒದ್ದೆಯಾಗಿದ್ದವು.

“ಥೂ, ಮೀನು ನಾರ್ತದಲ್ಲ!”

“ರಾಕೆಟ್ಟಿಗೆ ಮೂಗಿಲ್ಲ ಸಾರ್. ನೀವು ಎಳೀರಿ.”

ಇಬ್ಬರೂ ಅಂಗೈ ಸುಲಿಯುವಂತೆ ಎಳೆದು ಬಿಗಿದರು. ಗಾಳಿ ಬಂತು. ಶೆಡ್ಡು ನರಳಿತೇ ಹೊರತು ಜರುಗಲಿಲ್ಲ.

ಬೆಳಿಗ್ಗೆ ನೋಡಿದರೆ ರಾಕೆಟ್ಟಿನ ಮೇಲೆ ಒಂದು ಗೀರೂ ಇರಲಿಲ್ಲ. ಎಂಜಿನಿಯರ್ ಮಾತಿಗೆ ತಪ್ಪದೆ ವಾಮನನ ಹೆಸರು ಬರೆದು ಕಳಿಸಿ, ಚಹಾ ಕುಡಿಯಲು ಗೇಟಿನ ಹೊರಗೆ ಹೋದ. ಅಳಿವೆಯ ದಂಡೆಯಲ್ಲಿ ಊರವರೆಲ್ಲ ಹಗ್ಗವಿಲ್ಲದ ಗೂಟಗಳ ಸುತ್ತ ನಿಂತಿದ್ದರು. ಅಲ್ಲಿ ಕಟ್ಟಿಹಾಕಿದ್ದ ದೋಣಿಗಳಲ್ಲಿ ಹನ್ನೊಂದು ಕಡಲ ಪಾಲಾಗಿದ್ದವು.