ಗುಡುಗಿನ ಹೊಸ ಕೋಲು

“ನಿನ್ನ ಕೋಲು ನಿನ್ನ ಮೇಲೆ ಚಾಡಿ ಹೇಳ್ತಿದೆ ಕಣಯ್ಯ,” ಎಂದಳು ಅತ್ತಿಗೆ, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು.

ಅವಳ ಅಂಗಡಿಯ ಕೌಂಟರಿನ ಮೇಲೆ ಅಡ್ಡ ಮಲಗಿದ್ದ ಐಸ್ ಹಾಕಿ ಕೋಲು ಮೈದುನನದು. ಮೂವತ್ತು ವರ್ಷ ಬೇಕರಿಯ ಒಲೆ ಮುಂದೆ ಬೆಂದ ಈ ಮೈದುನನಿಗೆ ತಂಡದವರು ಇಟ್ಟ ಹೆಸರು ಗುಡುಗು. ಕೋಲನ್ನು ಭುಜದ ಮೇಲಕ್ಕೆತ್ತಿ ಬೀಸಿದನೆಂದರೆ ರಬ್ಬರ್ ಬಿಲ್ಲೆ ಹೋಗಿ ಅಂಕಣದ ಸುತ್ತಲಿನ ಹಲಗೆಗೆ ಬಡಿದ ಸದ್ದು ಪಕ್ಕದ ಬೀದಿಗೆ ಕೇಳಬೇಕು. ಗೋಲಾಯಿತೋ ಇಲ್ಲವೋ ಯಾರಿಗೆ ಬೇಕು! ಅವನು ಕೋಲೆತ್ತಿದ ಕೂಡಲೇ ನೋಡುವವರೆಲ್ಲ ಕಿವಿ ಮುಚ್ಚಿಕೊಂಡು ನಗುತ್ತಿದ್ದರು. ನಿಜ ಹೇಳಬೇಕೆಂದರೆ ಆ ನಗುವಿಗಾಗಿಯೇ ಅವನು ಆಡುತ್ತಿದ್ದ.

ಇವತ್ತು ಬಂದವನು ಕೇಳಿದ್ದು ಇಷ್ಟೇ. ಹಳೆಯದು ಬಿರುಕು ಬಿಟ್ಟಿದೆ, ಅಂಥದ್ದೇ ಇನ್ನೊಂದು ಬೇಕು. ಬಿಲ್ಲೆಗೆ ತಾಗುವ ಅಲಗಿನ ಬಾಗು, ಅದು ಕೋಲಿಗೆ ಕೂಡುವ ಹಿಮ್ಮಡಿಯ ಹತ್ತಿರವೇ ಶುರುವಾಗುವಂಥದ್ದು, ಬೀಸಿ ಹೊಡೆಯುವವರದು.

“ಏನಂತೆ ಚಾಡಿ?” ಎಂದ ಗುಡುಗು.

“ಅಲಗಿಗೆ ಈ ಬಿಳಿ ಪಟ್ಟಿ ಸುತ್ತಿಕೊಟ್ಟಿದ್ದು ನಾನೇ, ಮೂರು ವಾರದ ಹಿಂದೆ. ಆಮೇಲೆ ಐದು ಆಟ ಆಡಿದೀಯ. ಬೀಸಿ ಹೊಡೆಯೋನಾದ್ರೆ ಬಿಲ್ಲೆಯ ಕಪ್ಪು ಇಲ್ಲಿ ಹಿಮ್ಮಡಿ ಹತ್ರ ಹತ್ತಿರ್ಬೇಕು. ನೋಡು, ತೊಳೆದಿಟ್ಟ ತಟ್ಟೆ ಹಾಗಿದೆ. ಕಪ್ಪೆಲ್ಲ ತುದೀಲಿ.”

“ಮಗಳು ತಗೊಂಡು ಹೋಗಿರ್ತಾಳೆ.”

“ಅವಳದು ಎಡಗೈ ಆಟ, ಇದರ ಬಾಗು ಬಲಗೈಯೋರಿಗೆ. ಎಡಗಾಲಿನ ಬೂಟು ಬಲಗಾಲಿಗೆ ಹಾಕ್ಕೊಂಡು ಓಡ್ತಾಳಾ? ಸುಳ್ಳು ಹೇಳೋಕೆ ಕೋಲಿನಂಗಡಿಗೇ ಬರ್ಬೇಕಿತ್ತಾ ನೀನು?”

ಗುಡುಗು ಗೋಡೆಗೆ ಒರಗಿಸಿದ್ದ ಕೋಲುಗಳನ್ನು ಎಣಿಸುವವನಂತೆ ಆ ಕಡೆ ತಿರುಗಿದ.

“ಭುಜ ಎಷ್ಟು ದಿನದಿಂದ?” ಅವಳ ದನಿ ತಗ್ಗಿತು. “ಕೋಟು ಬಿಚ್ಚುವಾಗ್ಲೇ ನೋಡಿದೆ. ಬಲಗೈ ಕಿವಿ ತನಕಾನೂ ಹೋಗ್ಲಿಲ್ಲ.”

“ಚಳಿ ಶುರುವಾದಾಗಿಂದ. ಅಣ್ಣನಿಗೆ ಹೇಳ್ಬೇಡಿ ಅತ್ತಿಗೆ, ನಿಮ್ಮ ದಮ್ಮಯ್ಯ.”

ಅಣ್ಣನೆಂದರೆ ಅವಳ ಗಂಡ, ಎದುರು ತಂಡದ ಗೋಲ್ ಕೀಪರ್. ಅತ್ತಿಗೆಗೆ ನಗು ತಡೆಯಲಾಗಲಿಲ್ಲ. “ಅವರಿಗೇನು ಹೇಳೋದು? ಮೊನ್ನೆ ಊಟಕ್ಕೆ ಕೂತು ಒಂದೇ ಸಮ ಗೊಣಗಾಟ. ‘ಮುಂಚೆ ಇವನು ಕೋಲೆತ್ತಿ ಇಳಿಸೋದ್ರೊಳಗೆ ನಾನು ಒಂದು ಲೋಟ ಟೀ ಕುಡಿದು ಬರಬಹುದಿತ್ತು. ಈಗ ಹತ್ರ ಬಂದು ಮಣಿಕಟ್ಟು ತಿರುವ್ತಾನೆ ಅಷ್ಟೆ, ಬಿಲ್ಲೆ ನನ್ನ ಬೆನ್ನ ಹಿಂದೆ ಇರತ್ತೆ’ ಅಂತ. ಹೋದ ವರ್ಷ ಪೂರ್ತಿ ನಿಂದು ಎರಡು ಗೋಲು. ಈ ಐದು ಆಟದಲ್ಲೇ ನಾಲ್ಕು.”

“ಅವೆಲ್ಲ ಕದ್ದ ಗೋಲು ಅತ್ತಿಗೆ. ಒಬ್ಬರೂ ಕಿವಿ ಮುಚ್ಕೊಳ್ಳಲ್ಲ.” ಅವನು ಹಳೆಯ ಕೋಲಿನ ಬಿರುಕನ್ನು ಹೆಬ್ಬೆರಳಿನಿಂದ ಸವರಿದ. “ಮಣಿಕಟ್ಟು ತಿರುವೋರ ಥರ ತುದಿ ಬಾಗಿದ ಕೋಲು ಹಿಡ್ಕೊಂಡು ಹೋದ್ರೆ ಇವನ ಕತೆ ಮುಗೀತು ಅಂತ ಎಲ್ಲರಿಗೂ ಗೊತ್ತಾಗತ್ತೆ. ಸದ್ದಿಲ್ಲದ ಗುಡುಗು ಯಾವ ಸೀಮೆ ಗುಡುಗು ಹೇಳಿ?”

ಅತ್ತಿಗೆ ಗೋಡೆಯ ಹತ್ತಿರ ಹೋದಳು. ಸಾಲಿನಿಂದ ಒಂದು ಕೋಲು ಎಳೆದಳು. ಅಲಗು ಹಿಮ್ಮಡಿಯಿಂದ ನಡುವಿನವರೆಗೆ ನೆಟ್ಟಗೆ, ತುದಿಯಲ್ಲಿ ಮಾತ್ರ ಸೌಟಿನಂತೆ ಒಳಕ್ಕೆ ಬಾಗಿತ್ತು. “ತಗೋಬೇಡ ಬಿಡು. ಒಂದೇ ಒಂದು ಸಲ ಹೊಡೆದು ನೋಡು, ಸಾಕು.”

ಅಂಗಡಿಯ ಹಿಂದೆ ಒಂದು ಉದ್ದನೆಯ ಇಕ್ಕಟ್ಟಾದ ಕೋಣೆ. ನೆಲಕ್ಕೆ ನುಣುಪು ಹಾಳೆ, ಕೊನೆಯಲ್ಲಿ ಬಲೆ, ಬಲೆಯ ಹಿಂದೆ ಹಲಗೆ. ಪಕ್ಕದ ಗೋಡೆಗೆ ಅವಳ ತವರಿನಿಂದ ಬಂದ ಗಡಿಯಾರ. ಗುಡುಗು ಇಲ್ಲಿ ಕೋಲು ಪರೀಕ್ಷೆ ಮಾಡಿದಾಗ ಅದು ಎರಡು ಸಲ ಕೆಳಗೆ ಬಿದ್ದಿತ್ತು. ಗಾಜಿನ ಮೇಲೆ ಅದರ ಗೆರೆ ಇನ್ನೂ ಇದೆ. ಅಂದಿನಿಂದ ಅವನು ಬಿಲ್ಲೆ ಇಟ್ಟುಕೊಂಡ ಕೂಡಲೇ ಅವಳು ಹೋಗಿ ಗಡಿಯಾರವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು, ಗೋಡೆಗೆ ಮುಖ ಮಾಡಿ, ಕಣ್ಣು ಮುಚ್ಚಿ ನಿಲ್ಲುತ್ತಾಳೆ.

ಇವತ್ತೂ ಹಾಗೆಯೇ ನಿಂತಳು. ನಿಂತೇ ಇದ್ದಳು. ಬೆರಳ ಕೆಳಗೆ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು.

“ಹೊಡೀಯಪ್ಪ ಬೇಗ, ಕೈ ಸೋತು ಹೋಯ್ತು.”

“ಹೊಡೆದಾಯ್ತು ಅತ್ತಿಗೆ.”

ಕಣ್ಣು ಬಿಟ್ಟು ತಿರುಗಿದಳು. ಬಲೆಯ ಮೇಲಿನ ಮೂಲೆ ಜೋಳಿಗೆಯಂತೆ ಜೋತು, ಬಿಲ್ಲೆಯನ್ನು ಒಳಗಿಟ್ಟುಕೊಂಡು ಮೆಲ್ಲಗೆ ತೂಗುತ್ತಿತ್ತು.

“ನನಗೇ ಗೊತ್ತಾಗ್ಲಿಲ್ವಲ್ಲೋ!” ಎಂದಳು.

“ಅಣ್ಣನಿಗೂ ಹೀಗೇ ಆಗತ್ತಾ?” ಎಂದ ಗುಡುಗು. ಬಂದಾಗಿನಿಂದ ಅವನ ಮುಖದಲ್ಲಿ ಕಾಣದಿದ್ದ ತುಂಟತನ ಮೀಸೆಯಂಚಿಗೆ ಬಂದಿತ್ತು.

ಉತ್ತರಕ್ಕೂ ಕಾಯದೆ ಬಕೆಟ್ಟಿನಿಂದ ಇನ್ನೊಂದು ಬಿಲ್ಲೆ ತೆಗೆದು ನೆಲಕ್ಕಿಟ್ಟ. ಅತ್ತಿಗೆಯ ಕೈ ಅಭ್ಯಾಸದಿಂದ ಮತ್ತೆ ಗಡಿಯಾರದ ಕಡೆಗೆ ಏರಿತು, ಅರ್ಧದಲ್ಲಿ ನಿಂತಿತು, ಏಪ್ರನ್ನಿನ ಜೇಬಿಗಿಳಿದು ಹೊಸ ಅಲಗಿಗೆ ಸುತ್ತಲು ಬಿಳಿ ಪಟ್ಟಿಯ ಸುರುಳಿಯನ್ನು ಹುಡುಕತೊಡಗಿತು.