ಫೋನು ಎತ್ತುವ ಮೊದಲು

ಮಗ ತೀರಿಕೊಂಡ ಸುದ್ದಿ ಬಂದ ಬೆಳಿಗ್ಗೆ ಮುದುಕರಿಗೆ ಅಳಲು ಬಿಡುವಾಗಲಿಲ್ಲ. ಅದೇ ಗಳಿಗೆಯಲ್ಲಿ ಮಗಳು ಪ್ರಜ್ಞೆ ತಪ್ಪಿ ಬಿದ್ದಿದ್ದಳು. ನೀರು ಚಿಮುಕಿಸಿದಾಗ ರೆಪ್ಪೆ ಅಲುಗಿತ್ತು. ಆಂಬುಲೆನ್ಸಿನ ಸೈರನ್ ಕೂಗಿದ್ದೇ ತಡ, ಮತ್ತೆ ಕತ್ತು ವಾಲಿತು.

“ತಮ್ಮ ಹೋದ ಸುದ್ದಿ ಕೇಳಿ ಬಿದ್ದಳು ಡಾಕ್ಟರಮ್ಮಾ. ತಾಯಿ ಇಲ್ಲದ ಮನೆ, ಇವಳೇ ಸಾಕಿದ್ದಳು ಅವನನ್ನ,” ಎಂದು ಜೊತೆಗೆ ಬಂದಿದ್ದ ಪಕ್ಕದ ಮನೆಯಾಕೆ ತುರ್ತು ವಿಭಾಗದ ಬಾಗಿಲಲ್ಲೇ ಹೇಳಿದಳು.

ನರ್ಸ್ ಮಗಳನ್ನು ಅಂಗಾತ ಮಲಗಿಸಿ ಕಾಲ ಕೆಳಗೆ ದಿಂಬು ಇಟ್ಟಳು. ಬೆರಳು ಚುಚ್ಚಿ ಸಕ್ಕರೆ ನೋಡಿದಳು, ರಕ್ತದೊತ್ತಡ ನೋಡಿದಳು. ಎರಡೂ ನೆಟ್ಟಗಿದ್ದವು. “ದುಃಖಕ್ಕೆ ಬಿದ್ದಿರೋದು, ತಾನಾಗೇ ಏಳ್ತಾರೆ,” ಎಂದಳು. ಡಾಕ್ಟರಮ್ಮ ಮಾತ್ರ ಹಿಡಿದ ನಾಡಿಯನ್ನು ಬಿಡಲಿಲ್ಲ.

“ಯಜಮಾನ್ರೇ, ಬೀಳೋ ಮುಂಚೆ ಮಗಳು ಬೆವರಿದ್ರಾ? ಕಣ್ಣು ಕತ್ತಲೆ ಬರುತ್ತೆ ಅಂದ್ರಾ?”

“ಇಲ್ಲ ತಾಯಿ. ನಿಂತಿದ್ದೋಳು ಬುಡ ಕಡಿದ ಮರದ ಹಾಗೆ ಬಿದ್ದಳು.”

“ಸುದ್ದಿ ಕೇಳಿದ ತಕ್ಷಣವಾ?”

ಮುದುಕರು ತಡವರಿಸಿದರು. “ಅವಳು ಕೇಳೇ ಇಲ್ಲ. ಫೋನು ಕಿವಿ ಹತ್ತಿರವೇ ಬಡ್ಕೊಳ್ತು, ಬೆಚ್ಚಿದಳು, ಎತ್ತೋ ಮೊದಲೇ ಬಿದ್ದಳು. ಎತ್ತಿ ಕೇಳಿದೋನು ನಾನು.”

ಡಾಕ್ಟರಮ್ಮ ತಲೆಯೆತ್ತಿದಳು. “ಹಿಂದೆ ಹೀಗಾಗಿತ್ತಾ?”

“ಕುಕ್ಕರ್ ಕೂಗಿದಾಗ ಒಂದ್ಸಲ. ಅಕ್ಕ ತಮ್ಮ ಇಬ್ಬರೂ ಪುಕ್ಕಲರು ತಾಯಿ, ಸದ್ದಿಗೆ ಹೆದರ್ತಾರೆ. ಎದ್ದು ಕೂತ ಮೇಲೆ ಒಬ್ಬರನ್ನೊಬ್ಬರು ಅಣಕಿಸ್ಕೊಂಡು ನಗ್ತಿದ್ರು.”

“ಮಗ ಹೇಗೆ ಹೋದ್ರು?”

“ಬೆಳಿಗ್ಗೆ ಅವನ ರೂಮಲ್ಲಿ ಅಲಾರಂ ಹೊಡೀತಾನೇ ಇತ್ತಂತೆ. ಪಕ್ಕದ ಹಾಸಿಗೆಯವನು ಎದ್ದು ನೋಡಿದರೆ...”

ಮಗಳ ಎದೆಗೆ ತಂತಿಗಳನ್ನು ಅಂಟಿಸಿ ಇಸಿಜಿ ತೆಗೆದರು. ಗೆರೆಗಳನ್ನು ನೋಡಿದ ಡಾಕ್ಟರಮ್ಮ, ಯಂತ್ರದ ಸದ್ದು ಅಡಗಿಸುವಂತೆ ನರ್ಸಿಗೆ ಸನ್ನೆ ಮಾಡಿ ಮುದುಕರನ್ನು ಪರದೆಯಾಚೆ ಕರೆದಳು. “ಇದು ಪುಕ್ಕಲುತನ ಅಲ್ಲ. ಹೃದಯದ ಬಡಿತದಲ್ಲೇ ಹುಟ್ಟಿನಿಂದ ಬಂದ ದೋಷ. ಥಟ್ಟನೆ ಬೆಚ್ಚಿದರೆ ತಾಳ ತಪ್ಪುತ್ತೆ. ಎಷ್ಟೋ ಸಲ ತಾನೇ ಸರಿಹೋಗುತ್ತೆ, ಒಂದೊಂದ್ಸಲ ಹೋಗಲ್ಲ. ಮಗನಿಗೂ ಇದೇ ಇದ್ದಿರಬೇಕು. ಇವರನ್ನ ಉಳಿಸ್ಕೋಬಹುದು ಯಜಮಾನ್ರೇ. ಆದರೆ ಔಷಧಿ ಹಿಡಿಯೋವರೆಗೆ ಆ ಸುದ್ದಿ ಇವರ ಕಿವಿಗೆ ಬೀಳಬಾರದು.”

“ಸುಳ್ಳು ಹೇಳಿ ಅಭ್ಯಾಸವಿಲ್ಲ ತಾಯಿ ನನಗೆ.”

“ಹೇಳ್ಬೇಡಿ. ಅಳದೇ ಇರಿ, ಅಷ್ಟು ಸಾಕು.”

ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಿಕ್ಕುತ್ತ ಮಂಚದ ಕಡೆ ನುಗ್ಗಿದ್ದಳು. ಮುದುಕರು ತೋಳು ಹಿಡಿದು ತಡೆದರು. “ನಿನ್ನ ದಮ್ಮಯ್ಯ, ಹೊರಗೆ ಹೋಗು. ನನ್ನ ಪಾಲಿಂದೂ ಸೇರಿಸಿ ಅಲ್ಲೇ ಅತ್ತುಬಿಡಮ್ಮ.”

ಮಗಳು ಕಣ್ಣು ಬಿಟ್ಟಳು. “ಯಾರದಪ್ಪಾ ಫೋನು?”

“ತಮ್ಮನ ರೂಮಿನವನದು.”

“ಏನಂತೆ ನಮ್ಮ ಪುಕ್ಕಲಂದು? ಇನ್ನೂ ಎದ್ದಿಲ್ಲವಂತಾ?”

“ಇಲ್ಲ ಮಗಳೇ.”

“ಸೋಂಬೇರಿ. ನಾನು ಬಿದ್ದಿದ್ದು ಅವನಿಗೆ ಹೇಳ್ಬೇಡ ಮತ್ತೆ, ವರ್ಷಗಟ್ಟಲೆ ಆಡ್ಕೊಂಡು ನಗ್ತಾನೆ.”

“ಹೇಳಲ್ಲ.”

ಅವಳು ನಿಶ್ಚಿಂತೆಯಿಂದ ಮಗ್ಗುಲಾದಳು. ಮುದುಕರು ಅವಳ ಅಂಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು ಕಣ್ಣು ಮುಚ್ಚಿದರು.

“ತುಟಿ ಅಲ್ಲಾಡ್ತಿದೆ. ನನಗೋಸ್ಕರ ಬೇಡ್ಕೊಳ್ತಿದೀಯಾ? ನನಗೇನಾಗಿದೆ ಅಪ್ಪಾ?”

ಅವರು ಕಣ್ಣು ತೆರೆಯಲಿಲ್ಲ. ದೇವರೇ, ನನ್ನ ಕೂಸನ್ನು ಯಾವ ಸದ್ದೂ ಮುಟ್ಟದ ಕಡೆ ಮಲಗಿಸು. ಅಪ್ಪ ಒಂದು ಹನಿಯೂ ಅಳಲಿಲ್ಲವೆಂದು ಅವನು ನೊಂದುಕೊಳ್ಳದಿರಲಿ. ಅವನಿಗೆ ಶಾಂತಿ ಕೊಡು ತಂದೆ.